ಖಾಲಿ ಚೀಲದ ತೂಕ

ನನ್ನ ಷೇರು ಬ್ರೋಕರ್‌ನನ್ನು ನಾನು ಆರಿಸಿಕೊಂಡದ್ದು ಬಸ್ಸಿನಲ್ಲಿ, ನಿಂತುಕೊಂಡೇ. ಯಶವಂತಪುರದಲ್ಲಿ ಹತ್ತಿ ಗಂಗಮ್ಮ ಸರ್ಕಲ್ ಹತ್ತಿರ ಆ್ಯಪ್ ಇಳಿಸಿಕೊಂಡೆ. ಎಂ.ಎಸ್. ಪಾಳ್ಯದ ಜಾಮ್‌ನಲ್ಲಿ ಆಧಾರ್ ನಂಬರ್ ಒತ್ತಿದೆ. ಪುಟ್ಟೇನಹಳ್ಳಿ ಸ್ಟಾಪಿನಲ್ಲಿ ಇಳಿಯುವಾಗ ನಾನೊಬ್ಬ ಹೂಡಿಕೆದಾರನಾಗಿದ್ದೆ. ಅದೇ ಬ್ರೋಕರ್ ಯಾಕೆ ಎಂದು ಯಾರಾದರೂ ಕೇಳಿದ್ದರೆ, ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಅರ್ಬಾಜ್ ಇಟ್ಟುಕೊಂಡಿರುವುದೂ ಅದನ್ನೇ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಒಂದು ಜೊತೆ ಚಪ್ಪಲಿಗೆ ಮೂರು ಅಂಗಡಿ ಹತ್ತಿ ಇಳಿಯುವವನು ನಾನು. ಪಾರ್ಸೆಲ್ ಕಂಪನಿಯಲ್ಲಿ ಬಿಲ್ ಬರೆದು ಉಳಿಸಿದ ದುಡ್ಡನ್ನು ಯಾರ ಕೈಗೆ ಕೊಡಬೇಕು ಎಂದು ತೀರ್ಮಾನಿಸಲು ಒಂದು ಬಸ್ ಟಿಕೆಟ್ಟಿನಷ್ಟು ದಾರಿ ಸಾಕಾಯಿತು.

ಇದೇ ಕೆಲಸಕ್ಕೆ ನಮ್ಮ ಮನೆ ಓನರ್ ಮುನಿಗಂಗಪ್ಪನವರು ಹೆಚ್ಚುಕಡಿಮೆ ಎರಡು ತಿಂಗಳು ತೆಗೆದುಕೊಂಡರು. ಅಷ್ಟು ದಿನವೂ ನಾನು ಒಳಗೊಳಗೇ ನಗುತ್ತಿದ್ದೆ. ಆ ನಗು ಎಲ್ಲಿ ನಿಂತಿತು ಎಂದು ಹೇಳಬೇಕಾದರೆ ಮೊದಲು ಅವರ ತಕ್ಕಡಿಯ ವಿಷಯ ಹೇಳಬೇಕು.

ಅವರ ಮನೆ ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿದೆ. ಕೆಳಗೆ ಅವರು, ಅವರ ಹೆಂಡತಿ ಮುನಿಯಲ್ಲಮ್ಮ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿರುವ ಮಗಳು ರಾಣಿ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಮೋನಿಕಾ. ಮಹಡಿಯ ಮೇಲಿನ ಒಂದು ರೂಮಿನಲ್ಲಿ ನಾನು. ಮುನಿಗಂಗಪ್ಪನವರಿಗೆ ಈಗ ಅರವತ್ತಾರು. ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ತೂಕದ ಕೆಲಸ ಮಾಡಿದವರು. ರೈತ ಈರುಳ್ಳಿ ತರುತ್ತಾನೆ. ಮಂಡಿಯ ದಲ್ಲಾಳಿ ಕಮಿಷನ್ ಹಿಡಿದುಕೊಂಡು ಅದನ್ನು ವ್ಯಾಪಾರಿಗೆ ಮಾರಿಸಿಕೊಡುತ್ತಾನೆ. ಇವರೆಲ್ಲರ ನಡುವೆ ತಕ್ಕಡಿ ಪಕ್ಕದಲ್ಲಿ ನಿಂತು ತೂಕ ಕೂಗುವವನು ತೂಕದವನು. ಅವನಿಗೆ ಅದಕ್ಕೇ ಬೇರೆ ಲೈಸೆನ್ಸ್ ಇರುತ್ತದೆ. ತಮ್ಮದನ್ನು ಮುನಿಗಂಗಪ್ಪನವರು ಇಂದಿಗೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾರೆ.

ಯಾರ್ಡಿನಲ್ಲಿ ಅವರ ಒಂದು ಅಭ್ಯಾಸ ಎಲ್ಲರಿಗೂ ಗೊತ್ತಿತ್ತು. ಯಾವ ಲೋಡ್ ಬಂದರೂ ಮೊದಲು ಒಂದು ಖಾಲಿ ಚೀಲ ತೂಗುವುದು. ಚೀಲದ ತೂಕ ಎಂದು ಮೂಟೆಗೆ ಒಂದು ಕೆಜಿ ಮುರಿದುಕೊಳ್ಳುವುದು ಅವರು ಕೆಲಸ ಮಾಡುತ್ತಿದ್ದ ಸಾಲಿನ ಮಂಡಿಗಳ ವಾಡಿಕೆ. ಇವರು ಮಾತ್ರ ರೈತನ ಕಣ್ಣೆದುರಿಗೇ ಖಾಲಿ ಚೀಲ ತಕ್ಕಡಿಗೆ ಹಾಕಿ, ಆರುನೂರು ಗ್ರಾಂ ಬಂದರೆ ಆರುನೂರು ಎಂದು ಕೂಗಿ, ಅಷ್ಟನ್ನೇ ಕಳೆಯುತ್ತಿದ್ದರು. ಒಮ್ಮೆ ಚನ್ನಪ್ಪ ಎಂಬ ಮಂಡಿ ಯಜಮಾನ, ಇಷ್ಟು ಲೋಡ್ ನಿಂತಿರುವಾಗ ಖಾಲಿ ಚೀಲದ ಪೂಜೆ ಯಾಕೆ, ಮೂಟೆ ಹಾಕು ಎಂದನಂತೆ. ಮುನಿಗಂಗಪ್ಪನವರು ಜಗಳ ಮಾಡಲಿಲ್ಲ. ಟವಲ್ಲಿನಲ್ಲಿ ಕೈ ಒರೆಸಿಕೊಂಡು ಒಂದು ಮೂಟೆಯ ಮೇಲೆ ಕೂತರು. ಲಾರಿಗಳ ಸಾಲು ಗೇಟಿನವರೆಗೆ ಬೆಳೆದ ಮೇಲೆ ಚನ್ನಪ್ಪನೇ ಒಂದು ಖಾಲಿ ಚೀಲ ತಂದು ಅವರ ಮುಂದೆ ಎಸೆದ. ಅವರು ಅದನ್ನು ಕೊಡವಿ ತಕ್ಕಡಿಗೆ ಹಾಕಿದರು. ಇದನ್ನು ನನಗೆ ಹೇಳಿದ್ದು ಮುನಿಯಲ್ಲಮ್ಮ, ಹೊಗಳುವುದಕ್ಕಲ್ಲ, ದೂರುವುದಕ್ಕೆ. ಆಮೇಲೆ ಎರಡು ತಿಂಗಳು ಆ ಮಂಡಿಯಿಂದ ಕೆಲಸ ಬರಲಿಲ್ಲವಂತೆ. ಮೂರನೇ ತಿಂಗಳು ಚನ್ನಪ್ಪನೇ ಹೇಳಿ ಕಳಿಸಿದ, ಯಾಕೆಂದರೆ ಚಿತ್ರದುರ್ಗದ ಕಡೆಯ ರೈತರು ಲಾರಿಯಿಂದ ಇಳಿಯುತ್ತಲೇ ಖಾಲಿ ಚೀಲದ ಮುನಿಗಂಗಪ್ಪ ಎಲ್ಲಿ ಎಂದು ಕೇಳತೊಡಗಿದ್ದರು.

ಕಳೆದ ವರ್ಷ ಆಷಾಢದಲ್ಲಿ ಅವರ ಪೋಸ್ಟಾಫೀಸಿನ ಡಿಪಾಸಿಟ್ ಕೈಗೆ ಬಂತು. ಮೂರು ಲಕ್ಷದ ಇಪ್ಪತ್ತು ಸಾವಿರ. ಮೂವತ್ತನಾಲ್ಕು ವರ್ಷ ಊರವರ ಮೂಟೆ ತೂಗಿ ಅವರ ಪಾಲಿಗೆ ಉಳಿದದ್ದು ಅಷ್ಟೇ. ಇನ್ನು ನಾಲ್ಕು ವರ್ಷಕ್ಕೆ ಮೋನಿಕಾ ನರ್ಸಿಂಗ್ ಸೇರಬೇಕು, ಆ ದುಡ್ಡು ಅದಕ್ಕೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿ ಆಗಲೇ ಅಜ್ಜಿಯ ಬಿಪಿ ನೋಡಿ ಬೈಯಲು ಶುರು ಮಾಡಿದ್ದಳು. ಬಡ್ಡಿ ನಂಬಿಕೊಂಡರೆ ಕಾಲೇಜಿನ ಫೀಸಿನ ಹಿಂದೆ ಓಡುವುದಕ್ಕಾಗುವುದಿಲ್ಲ, ಒಂದು ಪಾಲನ್ನಾದರೂ ಷೇರಿಗೆ ಹಾಕಬೇಕು ಎಂದು ಅವರ ತಲೆಗೆ ಬಂದಿತ್ತು. ಕೆಟ್ಟು ಹೋಗುವ ಸಾಮಾನನ್ನೇ ಜೀವಮಾನ ಇಡೀ ತೂಗಿದವರಿಗೆ, ಕೊಳೆಯದೆ ವರ್ಷಗಟ್ಟಲೆ ಬಿದ್ದಿರುವ ಸಾಮಾನೊಂದು ಇದೆ ಎನ್ನುವುದೇ ದೊಡ್ಡ ಆಕರ್ಷಣೆ.

ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದರು. ನಾನು ಫೋನಿನಲ್ಲಿ ನನ್ನ ನಷ್ಟವನ್ನು ನೋಡುತ್ತಿದ್ದೆ. ಭಾನುವಾರ ಅದು ಬದಲಾಗುವುದಿಲ್ಲ, ಆದರೂ ನೋಡುತ್ತೇನೆ.

“ಗೋಪಿ, ಷೇರು ಕೊಡ್ಸೋಕೆ ನೀನು ಯಾವ ದಲ್ಲಾಳಿನ ಇಟ್ಕಂಡಿದೀಯಪ್ಪಾ?”

ದಲ್ಲಾಳಿಗಳ ಕಾಲ ಮುಗಿಯಿತು ಅಂಕಲ್, ಈಗೆಲ್ಲ ಆ್ಯಪ್, ಬ್ರೋಕರೇಜ್ ಸೊನ್ನೆ ಎಂದು ಸ್ವಲ್ಪ ಜಂಭದಿಂದಲೇ ಹೇಳಿದೆ. ಅವರು ನನ್ನ ಮಂಚದ ತುದಿಯಲ್ಲಿ ಕೂತು ಯೋಚಿಸಿದರು.

“ಕಮಿಷನ್ ಬ್ಯಾಡ ಅಂದ್ರೆ ಅವ್ನು ಊಟ ಎಲ್ ಮಾಡ್ತಾನೆ?”

ನನಗೆ ಗೊತ್ತಿರಲಿಲ್ಲ. ಅವರು ಮುಂದಿನ ಪ್ರಶ್ನೆಗೆ ಹೋದರು. “ಓಗ್ಲಿ, ತಕಂಡ ಮಾಲು ಎಲ್ಲಿರ್ತದೆ? ಅವ್ನ ಗೋಡೌನಲ್ಲೋ, ನನ್ನ ಎಸರಲ್ಲೋ?”

“ಆ್ಯಪ್‌ನಲ್ಲಿರುತ್ತೆ ಅಂಕಲ್.”

ಅವರು ನನ್ನನ್ನು ನೋಡಿದ ರೀತಿಯಲ್ಲಿ ಕನಿಕರವಿತ್ತು. ಮಂಡಿಯವನು ರಾತ್ರೋರಾತ್ರಿ ಬಾಗಿಲು ಹಾಕಿದಾಗ ಗೋಡೌನಿನಲ್ಲಿ ಮಾಲು ಸಿಕ್ಕಿಕೊಂಡ ರೈತರನ್ನು ಅವರು ನೋಡಿದ್ದರು. ಅವರು ಕೆಳಗಿಳಿದ ಮೇಲೆ ನಾನು ಹುಡುಕಿ ಓದಿದೆ. ಕೊಂಡ ಷೇರು ಬ್ರೋಕರ್ ಹತ್ತಿರ ಇರುವುದಿಲ್ಲ, ಡಿಪಾಸಿಟರಿ ಎಂಬ ಬೇರೆ ಸಂಸ್ಥೆಯಲ್ಲಿ, ನಮ್ಮದೇ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ. ಬ್ರೋಕರ್ ಕೊಡಿಸುವವನು, ಮಾರಿಸುವವನು, ಅಷ್ಟೇ. ಮೂರು ವರ್ಷದಿಂದ ಹೂಡಿಕೆದಾರನಾಗಿದ್ದ ನನಗೆ ಇದನ್ನು ಕಲಿಸಿದ್ದು ಈರುಳ್ಳಿ. ಕೆಳಗೆ ಹೋಗಿ, ನನಗೆ ಮೊದಲೇ ಗೊತ್ತಿದ್ದವನ ಹಾಗೆ ವಿವರಿಸಿದೆ.

ಗೋಡೌನ್ ಬೇರೆ, ದಲ್ಲಾಳಿ ಬೇರೆ ಎಂದು ಕೇಳಿ ಅವರಿಗೆ ಬಹಳ ಸಮಾಧಾನವಾಯಿತು. ಆ ಗುಂಗಿನಲ್ಲೇ ಅವರ ಫೋನಿಗೆ ನನ್ನ ಆ್ಯಪ್ ಹಾಕಿಸಿ, ನನ್ನ ಲಿಂಕಿನ ಮೂಲಕವೇ ಖಾತೆ ತೆರೆಸಿದೆ. ಟಣ್ ಎಂದು ನನ್ನ ಫೋನಿಗೆ ಮುನ್ನೂರು ರಿವಾರ್ಡ್ ಪಾಯಿಂಟ್ ಬಿತ್ತು. ಏನದು ಎಂದು ಕೇಳಿದರು. ನಿಮ್ಮನ್ನು ಕರೆತಂದದ್ದಕ್ಕೆ ಎಂದೆ.

“ಓ,” ಎಂದರು, ಅರ್ಥವಾದವರ ಹಾಗೆ. “ಲಾರಿ ಡ್ರೈವರ್ ಕಾಸು.”

ಯಾರ್ಡಿನ ಹೊರಗೇ ಲಾರಿ ನಿಲ್ಲಿಸಿ, ರೈತನ ಲೋಡನ್ನು ನಮ್ಮ ಮಂಡಿಗೇ ತಿರುಗಿಸು ಎಂದು ಡ್ರೈವರ್ ಕೈಗೆ ಟೀ ಕಾಸು ಹಾಕುವವರಿದ್ದರಂತೆ. ಬೈಗುಳವೇನಲ್ಲ, ನನ್ನ ಜಾಗ ಯಾವುದು ಎಂದು ತಿಳಿಸಿದರು ಅಷ್ಟೇ. ಆವತ್ತಿನಿಂದ ನಾನು ಕಾಣಿಸಿದರೆ ಮೋನಿಕಾ ‘ಡ್ರೈವರ್ ಅಣ್ಣ’ ಎನ್ನುತ್ತಾಳೆ.

ಅಷ್ಟರಲ್ಲಿ ನಾಗಭೂಷಣ ಬಂದ. ಇವನು ಮುನಿಗಂಗಪ್ಪನವರ ಅಣ್ಣನ ಮಗ. ಅಣ್ಣನ ಪಾಲಿಗೆ ಬಂದ ಹೊಲ ರಸ್ತೆಯ ಕಡೆಗಿತ್ತು, ತಮ್ಮನ ಪಾಲಿಗೆ ಬಂದದ್ದು ಕೆರೆಯ ಕಡೆಗೆ. ಹಾಗಾಗಿ ಅಣ್ಣನ ಮಗ ಇವತ್ತು ಎರಡು ಪಿಜಿ ಕಟ್ಟಿಸಿ ಮೂರನೆಯದಕ್ಕೆ ಪಾಯ ಹಾಕಿದ್ದಾನೆ, ಬಿಳಿ ಕಾರಿನಲ್ಲಿ ಓಡಾಡುತ್ತಾನೆ. ಕೆಟ್ಟವನಲ್ಲ. ರಾಣಿಯ ಗಂಡ ಆಸ್ಪತ್ರೆಯಲ್ಲಿದ್ದಾಗ ಹಗಲು ರಾತ್ರಿ ನಿಂತವನು ಅವನೇ, ನಾನು ಬಾಡಿಗೆಗಿರುವ ಮಹಡಿ ರೂಮಿಗೆ ಸಿಮೆಂಟ್ ಕಳಿಸಿದವನೂ ಅವನೇ. ಅವನ ಗೆಳೆಯ ಸುಬ್ರಮಣಿ ಸಹಕಾರನಗರದಲ್ಲಿ ಷೇರು ಆಫೀಸು ತೆರೆದಿದ್ದ. ದುಡ್ಡು ಕೊಟ್ಟರೆ ಸಾಕು, ಅವರೇ ವ್ಯಾಪಾರ ಮಾಡಿ ತಿಂಗಳಿಗೆ ನೂರಕ್ಕೆ ನಾಲ್ಕರಂತೆ ಲಾಭ ಹಾಕುತ್ತಾರೆ. ನಾಗಭೂಷಣ ಹಾಕಿದ್ದಾನೆ, ಅವನಿಗೆ ಪ್ರತಿ ತಿಂಗಳೂ ಬರುತ್ತಿದೆ. ಹೊಸಬರನ್ನು ಗೌರಿ ಹಬ್ಬದವರೆಗೆ ಮಾತ್ರ ಸೇರಿಸಿಕೊಳ್ಳುತ್ತಾರಂತೆ.

ಮುನಿಯಲ್ಲಮ್ಮ ಆವತ್ತೇ ಒಪ್ಪಿಬಿಟ್ಟರು. ಕಷ್ಟಕ್ಕೆ ಆದ ಹುಡುಗ ಮನೆಗೆ ಬಂದು ಒಳ್ಳೆಯದನ್ನು ಹೇಳುವಾಗ ಇವರದೇನು ತಕರಾರು ಎಂದು ಅವರಿಗೆ. ಮೂರು ಲಕ್ಷ ಇಪ್ಪತ್ತು ಸಾವಿರಕ್ಕೆ ನೂರಕ್ಕೆ ನಾಲ್ಕು ಎಂದರೆ ತಿಂಗಳಿಗೆ ಹನ್ನೆರಡು ಸಾವಿರದ ಎಂಟುನೂರು. ಗಾರ್ಮೆಂಟ್ಸಿನಲ್ಲಿ ದುಡಿಯುವ ರಾಣಿಯ ಸಂಬಳಕ್ಕೆ ಹತ್ತಿರ ಹತ್ತಿರ. ಆ ಲೆಕ್ಕ ಮಾಡಿಕೊಟ್ಟವನು ನಾನೇ.

ಮುನಿಗಂಗಪ್ಪನವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮೂರು ಕಡೆ ಖಾಲಿ ಚೀಲ ತೂಗೋಣ ಎಂದರು. ಮೂರು ಕಡೆಯೂ ಖಾತೆ ತೆರೆಯುವುದು, ಒಂದು ಪೈಸೆಯನ್ನೂ ಹಾಕದೆ ಹತ್ತು ದಿನ ಬಿಡುವುದು, ಖಾಲಿ ಇರುವಾಗ ಯಾರು ಏನು ಮಾಡುತ್ತಾರೆ ಎಂದು ನೋಡುವುದು.

ಒಂದು ಕಡೆ ನನ್ನ ಆ್ಯಪ್ ಆಗಲೇ ಆಗಿತ್ತು. ಎರಡನೆಯದು ಯಲಹಂಕ ನ್ಯೂಟೌನಿನಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿರುವ ಹಳೆಯ ಬ್ರೋಕಿಂಗ್ ಕಂಪನಿಯ ಬ್ರಾಂಚು. ಅಲ್ಲಿ ಕೂರುವವರು ರಾಧಾಮಣಿ ಎಂಬ ನಲವತ್ತರ ಹೆಂಗಸು. ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿದ್ದೆ. ಮುನಿಗಂಗಪ್ಪನವರು ಕುರ್ಚಿ ಎಳೆದುಕೊಂಡು ಕೂತು, ನೀವು ಎಷ್ಟು ಮುರಿದುಕೊಳ್ಳುತ್ತೀರಿ ಎಂದು ನೇರವಾಗಿ ಕೇಳಿದರು. ಆಕೆ ಒಂದು ಹಾಳೆ ತೆಗೆದು ಬರೆಯುತ್ತಾ ಹೋದರು. ಕೊಂಡಾಗ ಇಷ್ಟು, ಮಾರಿದಾಗ ಇಷ್ಟು, ಸರ್ಕಾರದ ತೆರಿಗೆ ಇಷ್ಟು, ವರ್ಷಕ್ಕೊಮ್ಮೆ ಖಾತೆಯ ನಿರ್ವಹಣೆಗೆ ಇಷ್ಟು. ನನ್ನ ಆ್ಯಪ್‌ಗಿಂತ ಎಲ್ಲವೂ ಜಾಸ್ತಿ. ನಾನು ಅವರ ಕಿವಿಯಲ್ಲಿ ಅದನ್ನು ಹೇಳಿದೆ. ಅವರು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಆಮೇಲೆ ಯಾವ ಷೇರು ಏರುತ್ತದೆ ಎಂದು ಕೇಳಿದರು. ಪರೀಕ್ಷೆಯ ಪ್ರಶ್ನೆ ಎಂದು ನನಗೂ ಗೊತ್ತಾಗಲಿಲ್ಲ.

“ಗೊತ್ತಿಲ್ಲ ಸರ್,” ಎಂದರು ರಾಧಾಮಣಿ. “ಗೊತ್ತಿದ್ದಿದ್ರೆ ನಾನ್ಯಾಕೆ ಒಂಬತ್ತು ಗಂಟೆಗೆ ಬಂದು ಪಂಚ್ ಮಾಡ್ತಿದ್ದೆ?”

ಖಾತೆ ತೆರೆದು, ನಾಮಿನಿ ಯಾರು ಎಂದು ಎರಡು ಸಲ ಕೇಳಿ ಬರೆಸಿಕೊಂಡರು. ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನೋಂದಣಿ ನಂಬರ್ ಗೋಡೆಯ ಮೇಲಿತ್ತು. ಮುನಿಗಂಗಪ್ಪನವರು ಅದನ್ನು ನನ್ನ ಕೈಯಲ್ಲಿ ಸೆಬಿಯ ವೆಬ್‌ಸೈಟಿನಲ್ಲೇ ಹುಡುಕಿಸಿ, ಒಂದೊಂದು ಅಂಕಿಯನ್ನೂ ಬೆರಳಿಟ್ಟು ತಾಳೆ ನೋಡಿದರು. ಎದ್ದು ಹೊರಡುವ ಮುಂಚೆ, ಈ ಖಾತೆ ಮುಚ್ಚಬೇಕು ಎಂದರೆ ಹೇಗೆ ಎಂದು ಕೇಳಿದರು. ತೆರೆದು ಐದು ನಿಮಿಷವೂ ಆಗಿರಲಿಲ್ಲ. ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿದೆ. ರಾಧಾಮಣಿ ಮುಖ ಸಿಂಡರಿಸದೆ ಡ್ರಾಯರಿನಿಂದ ಮುಚ್ಚುವ ಫಾರ್ಮ್ ತೆಗೆದು, ಎಲ್ಲೆಲ್ಲಿ ಸಹಿ ಹಾಕಬೇಕು ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಕೊಟ್ಟರು.

ಮೂರನೆಯದು ಸುಬ್ರಮಣಿಯ ಆಫೀಸು. ಏಸಿ, ಗೋಡೆಯ ಮೇಲೆ ದೊಡ್ಡ ಟಿವಿ, ಅದರಲ್ಲಿ ಓಡುವ ಅಂಕಿ. ಬಾದಾಮಿ ಹಾಲು ಕೊಟ್ಟರು. ಸುಬ್ರಮಣಿ ಎದ್ದು ನಿಂತು ಕೈಮುಗಿದ. ಮುನಿಗಂಗಪ್ಪನವರು ಹಾಲು ಕುಡಿದು, ಲೋಟ ಕೆಳಗಿಟ್ಟು, ಗೋಡೆಯಲ್ಲಿ ಚೌಕಟ್ಟು ಹಾಕಿ ನೇತುಹಾಕಿದ್ದ ಸರ್ಟಿಫಿಕೇಟಿನ ಹತ್ತಿರ ಹೋಗಿ ಕನ್ನಡಕ ಏರಿಸಿದರು. ಬಹಳ ಹೊತ್ತು ಓದಿದರು. ನನಗೂ ಓದು ಎಂದರು. ಅದು ಅಂಗಡಿ ಇಡಲು ಪಾಲಿಕೆ ಕೊಡುವ ಪರವಾನಗಿ. ಬೇಕರಿಗೂ ಸಿಗುತ್ತದೆ, ಸಲೂನಿಗೂ ಸಿಗುತ್ತದೆ.

“ಇದು ಅಂಗ್ಡಿದು,” ಎಂದರು ಮೆಲ್ಲಗೆ. “ತಕ್ಕಡಿದು ಎಲ್ಲೈತೆ?”

ಅದು ಹೆಡ್ ಆಫೀಸಿನಲ್ಲಿದೆ ಎಂದ ಸುಬ್ರಮಣಿ. ಹಾಗಾದರೆ ದುಡ್ಡು ಹಾಕದೆ ನನ್ನ ಹೆಸರಲ್ಲಿ ಒಂದು ಖಾಲಿ ಖಾತೆ ತೆಗೆಯಿರಿ, ಹತ್ತು ದಿನ ಬಿಟ್ಟು ಬರುತ್ತೇನೆ ಎಂದರು ಇವರು. ಸುಬ್ರಮಣಿ ನಕ್ಕ. ಅವರಲ್ಲಿ ಬೇರೆ ಬೇರೆ ಖಾತೆ ಇರುವುದಿಲ್ಲವಂತೆ, ಎಲ್ಲರ ದುಡ್ಡೂ ಒಂದೇ ಕಡೆ ಸೇರಿಸಿ ದೊಡ್ಡ ವ್ಯಾಪಾರ ಮಾಡುತ್ತಾರಂತೆ. ಅನುಮಾನವಿದ್ದರೆ ಮೂರು ಲಕ್ಷ ಬೇಡ, ಒಂದು ಹತ್ತು ಸಾವಿರ ಹಾಕಿ, ಒಂದು ತಿಂಗಳು ನೋಡಿ ಎಂದ.

ನ್ಯಾಯವಾದ ಮಾತು ಎಂದು ನನಗೆ ಅನ್ನಿಸಿತು. ಹೊರಗೆ ಬಂದು ಹಾಗೆಂದೆ. ಮುನಿಗಂಗಪ್ಪನವರು ಬಸ್ ಸ್ಟಾಪಿನ ಕಡೆ ನಡೆಯುತ್ತಲೇ ಇದ್ದರು.

“ಮೊದಲ್ನೇ ಮೂಟೆಗೆ ಎಲ್ಲಾ ಮಂಡಿಯೋರೂ ಒಳ್ಳೇ ರೇಟೇ ಕೊಡ್ತಾರೆ ಕಣಪ್ಪಾ. ಲೋಡ್ ಬರ್ಲಿ ಅಂತ.”

ಆ ಮಾತು ಕೇಳಿಸಿಕೊಂಡೆ, ಒಪ್ಪಿಕೊಂಡೆ, ಮಾರನೆಯ ದಿನ ಊಟದ ವೇಳೆಯಲ್ಲಿ ಸುಬ್ರಮಣಿಗೆ ಹತ್ತು ಸಾವಿರ ಕಳಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ.

ಹತ್ತು ದಿನ ಮುನಿಗಂಗಪ್ಪನವರು ಒಂದು ಕ್ಯಾಲೆಂಡರಿನ ಹಿಂದೆ ಗುರುತು ಹಾಕುತ್ತಾ ಹೋದರು. ನನ್ನ ಆ್ಯಪ್‌ನಿಂದ ಹದಿನಾಲ್ಕು ಫೋನ್ ಬಂದವು. ದುಡ್ಡಿಲ್ಲದಿದ್ದರೆ ನಾವೇ ಸಾಲ ಕೊಡುತ್ತೇವೆ ಎಂದು ಮೂರು, ದಿನವೂ ಕೊಂಡು ದಿನವೂ ಮಾರಿ ಎಂದು ಉಳಿದವು. ಐದನೇ ದಿನ ಸ್ವಾಗತ ಕೊಡುಗೆ ಎಂದು ಖಾತೆಗೆ ನೂರು ರೂಪಾಯಿ ಬಿತ್ತು. ಅದನ್ನು ನೋಡಿ ಅವರು ಗಾಬರಿಯಾದರು. ಚೀಲ ಖಾಲಿ ಇರಬೇಕು, ಯಾರದೋ ನೂರು ರೂಪಾಯಿ ನನ್ನದಕ್ಕೆ ಬಿದ್ದಿದೆ, ವಾಪಸ್ ಮಾಡಬೇಕು, ಆಫೀಸು ಎಲ್ಲಿದೆ ಹೇಳು ಎಂದು ಬೆಳಗ್ಗೆಯೇ ಶರ್ಟ್ ಹಾಕಿಕೊಂಡು ನಿಂತರು. ಆಫೀಸಿಲ್ಲ, ಅದು ನಿಮಗೇ ಕೊಟ್ಟದ್ದು ಎಂದು ನಾನು ನಗು ತಡೆದುಕೊಂಡು ಹೇಳಿದೆ. ಮೂರು ದಿನ ಬಿಟ್ಟು ಅದೇ ನೂರನ್ನು ಕಂಪನಿ ಯಾವುದೋ ಶುಲ್ಕಕ್ಕೆ ಎಂದು ಮುರಿದುಕೊಂಡಿತು. ನನ್ನ ಖಾತೆಯ ಹಳೆಯ ವಿವರ ತೆಗೆದು ನೋಡಿದೆ. ಅದೇ ಶುಲ್ಕ ನನ್ನಿಂದ ಮೂರು ವರ್ಷ ಹೋಗಿತ್ತು. ಸೊನ್ನೆ ಎಂಬ ದೊಡ್ಡ ಅಕ್ಷರದ ಕೆಳಗೆ ಚಿಕ್ಕ ಅಕ್ಷರದಲ್ಲಿ ಅದನ್ನು ಬರೆದೇ ಇದ್ದರು, ಓದದವನು ನಾನು. ಅವರಿಗೆ ಮೊದಲ ದಿನ ಬಂದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವನು ಊಟ ಮಾಡುತ್ತಿದ್ದದ್ದು ನನ್ನಂಥವರ ತಟ್ಟೆಯಲ್ಲಿ.

ರಾಧಾಮಣಿಯ ಬ್ರಾಂಚಿನಿಂದ ಬಂದದ್ದು ಒಂದೇ ಫೋನು. ಸಹಿ ಒಂದು ಕಡೆ ಸರಿಯಾಗಿ ಬಿದ್ದಿಲ್ಲ, ಈ ಕಡೆ ಬಂದಾಗ ಹಾಕಿ ಹೋಗಿ ಎಂದು.

ಗೌರಿ ಹಬ್ಬಕ್ಕೆ ಎರಡು ದಿನವಿದ್ದಾಗ ನಾಗಭೂಷಣ ಫಾರ್ಮ್ ಹಿಡಿದುಕೊಂಡು ಬಂದ. ಆವತ್ತು ಕೆಳಗೆ ನನ್ನನ್ನೂ ಊಟಕ್ಕೆ ಕರೆದಿದ್ದರು, ಮುದ್ದೆ, ಹುರುಳಿಕಾಳಿನ ಬಸ್ಸಾರು. ಮುನಿಯಲ್ಲಮ್ಮ ಅವನಿಗೆ ಬಡಿಸುತ್ತಾ, ಇವತ್ತು ಸಹಿ ಹಾಕಿ ಮುಗಿಸಿಬಿಡಿ ಎಂದು ಗಂಡನಿಗೆ ಹೇಳಿದರು. ನಾಗಭೂಷಣ ಫೋನ್ ತೆಗೆದು ತನಗೆ ಬಂದ ಆ ತಿಂಗಳ ಲಾಭ ತೋರಿಸಿದ.

ಮುನಿಗಂಗಪ್ಪನವರು ಎಡಗೈಯಲ್ಲಿ ಫೋನ್ ಹಿಡಿದು ನೋಡಿದರು. “ಪಟ್ಟಿ ಎಲ್ಲಪ್ಪಾ?”

ಮಂಡಿಯಲ್ಲಿ ಮಾಲು ಮಾರಿದ ಮೇಲೆ ರೈತನ ಕೈಗೆ ಕೊಡುವ ಚೀಟಿಗೆ ಪಟ್ಟಿ ಎನ್ನುತ್ತಾರೆ. ಎಷ್ಟು ತೂಕ, ಯಾವ ರೇಟು, ಕೊಂಡವನು ಯಾರು, ಕಮಿಷನ್ ಎಷ್ಟು, ಹಮಾಲಿ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ವಾಟ್ಸಾಪಿನಲ್ಲಿ ಮೆಸೇಜ್ ಬರುತ್ತೆ ಚಿಕ್ಕಪ್ಪ, ಅದೇ ಪಟ್ಟಿ ಎಂದ ನಾಗಭೂಷಣ.

“ಯಾವ ಷೇರು ತಕಂಡ, ಯಾವತ್ತು ಮಾರ್ದ, ಎಷ್ಟು ಮುರ್ಕಂಡ? ಏನೂ ಇಲ್ವಲ್ಲ ಇದ್ರಾಗೆ. ಮುರ್ಕಂಡಿದ್ದು ಕಾಣ್ದಿರೋ ಪಟ್ಟಿ ಪಟ್ಟಿನೇ ಅಲ್ಲ ಮಗಾ.”

ನಾಗಭೂಷಣನ ಕೈ ತಟ್ಟೆಯಲ್ಲೇ ನಿಂತಿತು. “ಅಂದ್ರೆ ನನ್ ಮೇಲೆ ನಂಬಿಕೆ ಇಲ್ಲ ಅಂತಾಯ್ತು. ರಾಣಿ ಗಂಡ ಆಸ್ಪತ್ರೇಲಿದ್ದಾಗ ನಾನ್ ಪಟ್ಟಿ ಕೇಳಿದ್ನಾ ಚಿಕ್ಕಪ್ಪ?”

ರಾಣಿ ಎದ್ದು ಒಳಗೆ ಹೋದಳು. ಮುನಿಯಲ್ಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದರು. ಆ ಮಾತಿಗೆ ಯಾರಾದರೂ ಸೋಲುತ್ತಾರೆ. ನಾನಾಗಿದ್ದರೆ ಸಹಿ ಹಾಕಿ, ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದೆ. ಮುನಿಗಂಗಪ್ಪನವರಿಗೂ ಕಷ್ಟವಾಯಿತು. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡರು.

“ನಿನ್ನ ಋಣ ಐತೆ, ಇಲ್ಲ ಅನ್ನಲ್ಲ. ನಾಳೆ ನಿಂಗೇ ಬೇಕು ಅಂದ್ರೆ ಈ ಮೂರು ಲಕ್ಷನೂ ತಕಂಡೋಗು, ಬಾಯ್ ಮುಚ್ಕಂಡು ಕೊಡ್ತೀನಿ. ಆದ್ರೆ ಈಗ ತಕ್ಕಡಿ ಮ್ಯಾಲಿರೋನು ನೀನಲ್ಲ, ಅವ್ನು. ಅವ್ನ ಚೀಲ ನಂಗೆ ತೂಗೋಕೆ ಆಗ್ಲಿಲ್ಲ.”

ನಾಗಭೂಷಣ ಅರ್ಧ ಊಟಕ್ಕೇ ಕೈ ತೊಳೆದು ಹೋದ. ಆ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅವನ ಮನೆಗೆ ಹೋದ ಮುನಿಯಲ್ಲಮ್ಮ ಹೊಸಿಲ ಹತ್ತಿರವೇ ಕೊಟ್ಟು ಬಂದರು. ಒಂದು ವಾರ ಗಂಡನ ಜೊತೆ ಮಾತಾಡಲಿಲ್ಲ. ಮುನಿಗಂಗಪ್ಪನವರು ತಾವೇ ಕಾಫಿ ಮಾಡಿಕೊಂಡು ಕುಡಿಯುತ್ತಿದ್ದರು, ಕೆಟ್ಟದಾಗಿ ಮಾಡುತ್ತಿದ್ದರು. ನನ್ನ ಆ್ಯಪ್‌ನ ಖಾತೆಯನ್ನು ಮುಚ್ಚಿಸಿದರು. ರಾಧಾಮಣಿಯ ಹತ್ತಿರ ಹೋಗಿ, ಇಡೀ ದುಡ್ಡು ಹಾಕುವುದು ಬೇಡ ಎಂಬ ಆಕೆಯ ಮಾತಿಗೆ ಒಪ್ಪಿ, ಎರಡು ಲಕ್ಷವನ್ನು ಪೋಸ್ಟಾಫೀಸಿಗೇ ತಿರುಗಿ ಕಳಿಸಿದರು. ಉಳಿದದ್ದನ್ನು ತಿಂಗಳಿಗೆ ಐದು ಸಾವಿರದಂತೆ ಷೇರಿಗೆ ಹಾಕಲು ಶುರು ಮಾಡಿದರು. ಒಂದೊಂದು ಸಲ ಕೊಂಡಾಗಲೂ ಇಮೇಲಿಗೆ ಬರುವ ಷೇರಿನ ಪಟ್ಟಿ, ಅಂದರೆ ಕಾಂಟ್ರಾಕ್ಟ್ ನೋಟನ್ನು, ಮೋನಿಕಾ ಸ್ಟೇಷನರಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತರುತ್ತಾಳೆ. ಅದರಲ್ಲಿ ಕಂಪನಿ ಮುರಿದುಕೊಂಡದ್ದನ್ನೆಲ್ಲ ಅವರು ರಾಧಾಮಣಿ ಬರೆದುಕೊಟ್ಟ ಹಾಳೆಯ ಜೊತೆ ತಾಳೆ ನೋಡಿ, ಬಾಗಿಲ ಹಿಂದೆ ಕಟ್ಟಿರುವ ಕೊಕ್ಕೆ ತಂತಿಗೆ ಚುಚ್ಚುತ್ತಾರೆ. ಮಂಡಿಯಲ್ಲಿ ಪಟ್ಟಿ ಚುಚ್ಚುವ ತಂತಿ ಅದು, ಕೆಲಸ ಬಿಟ್ಟಾಗ ಚನ್ನಪ್ಪ ಕೊಟ್ಟದ್ದಂತೆ.

ಸುಬ್ರಮಣಿಯಿಂದ ನನಗೆ ಮೊದಲ ತಿಂಗಳು ನಾನೂರು ರೂಪಾಯಿ ಬಂತು, ಹೇಳಿದ ದಿನಕ್ಕೇ. ಅಂದರೆ ಈ ಮುದುಕರ ತಕ್ಕಡಿಗೆ ತುಕ್ಕು ಹಿಡಿದಿದೆ ಎಂದುಕೊಂಡು ಇನ್ನೂ ಮೂವತ್ತು ಸಾವಿರ ಹಾಕಿದೆ. ಬಂದ ಲಾಭದಲ್ಲಿ ಕೆಳಗಿನ ಮನೆಗೆ ಅರ್ಧ ಕೆಜಿ ಮೈಸೂರ್ ಪಾಕ್ ತಂದುಕೊಟ್ಟೆ. ಮುನಿಗಂಗಪ್ಪನವರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದಕ್ಕೆ ಪಟ್ಟಿ ಐತಾ ಎಂದು ಕೇಳಿದರು. ಆಫೀಸಿನಲ್ಲಿ ಬೋನಸ್ ಬಂತು ಎಂದೆ. ಅವರು ಮತ್ತೆ ಕೇಳಲಿಲ್ಲ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಸಹಕಾರನಗರದ ಆಫೀಸಿನ ಬಾಗಿಲು ಮುಚ್ಚಿತು. ಟಿವಿ ಇರಲಿಲ್ಲ, ಏಸಿ ಇರಲಿಲ್ಲ, ಸುಬ್ರಮಣಿಯ ಫೋನ್ ಸ್ವಿಚ್ ಆಫ್. ಗೋಡೆಯಲ್ಲಿ ಅಂಗಡಿಯ ಪರವಾನಗಿ ಮಾತ್ರ ನೇತಾಡುತ್ತಿತ್ತು. ನಾಗಭೂಷಣನ ಹನ್ನೊಂದು ಲಕ್ಷ ಹೋಗಿತ್ತು. ಅವನ ಮಾತು ನಂಬಿ ಹಾಕಿದ ನೆಂಟರದು ಬೇರೆ.

ಅವನು ಬಂದಾಗ ನಾನೂ ಕೆಳಗಿದ್ದೆ. ಏಳು ತಿಂಗಳಾದ ಮೇಲೆ ಮೊದಲ ಸಲ ಆ ಹೊಸಿಲು ದಾಟಿದ್ದು. ಕಾರಿನಲ್ಲಿ ಬಂದಿರಲಿಲ್ಲ, ನಡೆದು ಬಂದಿದ್ದ. ಬಾಗಿಲ ಹತ್ತಿರವೇ ಕೂತು, ನೆಂಟರು ಮನೆಗೆ ಬಂದು ಕೇಳುತ್ತಿದ್ದಾರೆ ಚಿಕ್ಕಪ್ಪ ಎಂದು ಮಾತ್ರ ಹೇಳಿದ. ಮುನಿಯಲ್ಲಮ್ಮ ಬಾಯಿ ತೆರೆದರು. ಗಂಡ ಅವರ ಕಡೆ ಒಮ್ಮೆ ನೋಡಿದರು, ಅವರು ನೀರು ತರಲು ಒಳಗೆ ಹೋದರು. ನಾನು ಆವತ್ತೇ ಹೇಳಲಿಲ್ಲವೇ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಹೇಳಲಿಲ್ಲ, ಇವತ್ತಿನವರೆಗೂ. ಹೇಳಲು ಬಾರದ್ದಕ್ಕಲ್ಲ. ಮೂಟೆ ಬಿದ್ದು ಒಡೆದಾಗ ತೂಕ ಕೂಗಬಾರದು ಎನ್ನುತ್ತಾರೆ ಮುನಿಗಂಗಪ್ಪನವರು.

ಮುನಿಗಂಗಪ್ಪನವರು ಎದ್ದು ಶರ್ಟ್ ಹಾಕಿಕೊಂಡರು. “ನಡಿ, ಟೇಷನ್‌ಗೆ ಓಗವಾ. ಬಂದಿರೋ ಮೆಸೇಜೆಲ್ಲಾ ಅಳಿಸ್ಬ್ಯಾಡ, ಅಂಗೇ ಇಟ್ಕ.” ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, “ಗೋಪಿ, ನಿಂದೂ ತಕಂಡ್ ಬಾ.”

“ನಿಮಗೆ ಯಾವಾಗ ಗೊತ್ತಾಯ್ತು ಅಂಕಲ್?”

“ಮೈಸೂರ್ ಪಾಕಲ್ಲಿ,” ಎಂದರು, ಚಪ್ಪಲಿ ಹುಡುಕುತ್ತಾ.

ಠಾಣೆಯಲ್ಲಿ ಮೂರು ತಾಸು ಕೂತೆವು. ದೂರು ಬರೆದುಕೊಂಡರು. ನನ್ನ ನಲವತ್ತು ಸಾವಿರ ವಾಪಸ್ ಬರುತ್ತದೆ ಎಂಬ ಆಸೆ ನನಗಿಲ್ಲ. ನಾಗಭೂಷಣ ಮೂರನೇ ಪಿಜಿಯ ಪಾಯವನ್ನು ಹಾಗೇ ಬಿಟ್ಟು, ಒಬ್ಬೊಬ್ಬ ನೆಂಟರಿಗೂ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿದ್ದಾನೆ. ಎರಡು ದಿನಕ್ಕೊಮ್ಮೆ ಊಟಕ್ಕೆ ಚಿಕ್ಕಪ್ಪನ ಮನೆಗೇ ಬರುತ್ತಾನೆ. ಅಲ್ಲಿ ಯಾರೂ ಅವನ ಹತ್ತಿರ ದುಡ್ಡು ಕೇಳುವುದಿಲ್ಲ.

ಕಳೆದ ವಾರ ನನ್ನನ್ನೂ ರಾಧಾಮಣಿಯ ಬ್ರಾಂಚಿಗೆ ಕರೆದುಕೊಂಡು ಹೋದರು. ಈ ಸಲ ಡ್ರೈವರ್ ಅವರು, ಲೋಡ್ ನಾನು. ಟೀ ಕಾಸು ಸಿಕ್ಕಿತಾ ಎಂದು ಕೇಳಿದೆ, ನಕ್ಕರು. ಸೆಬಿಯ ನಂಬರನ್ನು ನನ್ನ ಕೈಯಲ್ಲೇ ಮತ್ತೆ ತಾಳೆ ನೋಡಿಸಿದರು, ಹೋದ ವರ್ಷ ಇದ್ದದ್ದು ಈ ವರ್ಷವೂ ಇದೆಯಾ ಎಂದು. ಖಾತೆ ತೆರೆದಾಯಿತು. ಸಂಬಳ ಬಂದ ದಿನವೇ ಆಗಿದ್ದರಿಂದ ನನ್ನ ಬೆರಳು ತುರಿಸುತ್ತಿತ್ತು. ಹತ್ತು ದಿನ ಮುಟ್ಟಬೇಡ ಎಂದರು.

ಇವತ್ತಿಗೆ ಒಂಬತ್ತು ದಿನ. ಸಂಜೆ ಮೆಟ್ಟಿಲು ಹತ್ತಿ ಬಂದು, ಫೋನು ಏನಾದರೂ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಏನಾದರೂ ಮುರಿದುಕೊಂಡರಾ? ಇಲ್ಲ. ತಲೆಯಾಡಿಸಿ, ಜೇಬಿನಿಂದ ಒಂದು ಕಬ್ಬಿಣದ ತಂತಿ ತೆಗೆದರು. ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಚುಚ್ಚುವ ಕಡೆ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದರು. ನನ್ನ ಬಾಗಿಲ ಹಿಂದಿನ ಮೊಳೆಗೆ ಅದನ್ನು ನೇತುಹಾಕಿ, ಗಟ್ಟಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿ, ಇಳಿದು ಹೋದರು.